ಮೊಬೈಲ್, ಲ್ಯಾಪ್‌ಟಾಪ್ ಇಟ್ಟುಕೊಂಡು ಮಕ್ಕಳಿಗೆ ವಿಜ್ಞಾನ ಹೇಳಿಕೊಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ಮಹಡಿ ಮೇಲಿನ ರೂಮಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಒಂದಷ್ಟು ಮಕ್ಕಳು ಸೇರುತ್ತಾರೆ. 6ರಿಂದ 10ನೇ ಕ್ಲಾಸಿನವರು. ಅರ್ಧ ಜನ ಕನ್ನಡ ಮೀಡಿಯಂ, ಇನ್ನರ್ಧ ಇಂಗ್ಲಿಷ್ ಮೀಡಿಯಂ. ನಮ್ಮ ಹತ್ತಿರ ಇರುವುದು ಒಂದು ಹಳೇ ಲ್ಯಾಪ್‌ಟಾಪ್, ಎರಡು ಫೋನು, ಮತ್ತೆ ಒಂದು ಬಿಸ್ಕತ್ತಿನ ಡಬ್ಬದ ತುಂಬ ದಾರ, ಸೆಲ್ಲು, ಬಲೂನು, ಸ್ಟ್ರಾ. ಅಪ್ಪ ಅಮ್ಮಂದಿರು, ಜೊತೆಗೆ ಒಂದಿಬ್ಬರು ಮೇಷ್ಟ್ರು, ವಾಟ್ಸಾಪ್‌ನಲ್ಲಿ ಕೇಳಿದ್ದನ್ನೇ ಕೇಳುತ್ತಿರುತ್ತಾರೆ. ಪ್ರತಿ ಸಲ ಟೈಪ್ ಮಾಡಿ ಸಾಕಾಗಿದೆ. ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇಂಟರ್ನೆಟ್‌ನಲ್ಲಿ ಇಷ್ಟೊಂದು ಇದೆಯಲ್ಲ, ಎಲ್ಲಿಂದ ಶುರು ಮಾಡಲಿ?

ಒಂದರಿಂದ. ಹತ್ತು ಆ್ಯಪ್ ಹಾಕಿಕೊಂಡರೆ ಹತ್ತೂ ಹಾಗೇ ಬಿದ್ದಿರುತ್ತವೆ. ನಾನು ಎಲ್ಲರಿಗೂ ಮೊದಲು ಹೇಳುವುದು, ಸ್ಕ್ರೀನ್ ಮೇಲೆ ಬಟನ್ ಒತ್ತಿ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳನ್ನು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ್ದು. 2001ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದ ಕಾರ್ಲ್ ವೈಮನ್ ಇದನ್ನು 2002ರಲ್ಲಿ ಶುರು ಮಾಡಿದರು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಫೋನಿನ ಬ್ರೌಸರ್‌ನಲ್ಲೇ ಓಡುತ್ತದೆ. ಬಹಳಷ್ಟು ಕನ್ನಡದಲ್ಲೂ ಇವೆ. ಅದಕ್ಕೂ ಮೊದಲು ಪಠ್ಯಪುಸ್ತಕ ಒಂದನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕರ್ನಾಟಕ ಪಠ್ಯಪುಸ್ತಕ ಸಂಘ ಪಿಡಿಎಫ್‌ಗಳನ್ನು ಪುಕ್ಕಟೆ ಕೊಡುತ್ತದೆ. ಮಗು ಯಾವ ಪಾಠದಲ್ಲಿದೆ ಅಂತಲೇ ಗೊತ್ತಿಲ್ಲದೆ ವಿಡಿಯೋ ಹುಡುಕುತ್ತಾ ಕೂತರೆ ರಾತ್ರಿ ಹನ್ನೊಂದಾಗುತ್ತದೆ ಅಷ್ಟೇ.

ಸಿಮ್ಯುಲೇಶನ್ ಹಾಕಿಕೊಟ್ಟು ಬಿಟ್ಟರೆ ಮಕ್ಕಳು ತಾವಾಗೇ ಕಲಿಯುತ್ತಾರಾ?

ಇಲ್ಲ. ಐದು ನಿಮಿಷ ಎಲ್ಲ ಬಟನ್ ಒತ್ತುತ್ತಾರೆ, ಆಮೇಲೆ ಬೋರಾಗಿ ರೀಲ್ಸ್‌ಗೆ ಹೋಗುತ್ತಾರೆ. ಬಟನ್ ಒತ್ತುವ ಮೊದಲು ಏನಾಗಬಹುದು ಅಂತ ಅವರಿಂದ ಹೇಳಿಸಬೇಕು. ಸುಮ್ನೆ ಬಾಯಲ್ಲಿ ಅಲ್ಲ, ನೋಟ್‌ಬುಕ್‌ನಲ್ಲಿ ಬರೆಸಬೇಕು. ಬರೆದರೆ ಆಮೇಲೆ ‘ನಾನೂ ಅದನ್ನೇ ಅಂದುಕೊಂಡಿದ್ದೆ’ ಅನ್ನೋಕೆ ಆಗಲ್ಲ, ಅಲ್ವಾ? ನಾನು ಇಲ್ಲಿ ಬೇರೆ ಏನು ಹೇಳಿದರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲೋಲಕದ ಪಾಠ ಹೇಗೆ ನಡೆಯಿತು ಅಂತ ಹೇಳುತ್ತೇನೆ. ‘ಭಾರ ಜಾಸ್ತಿ ಮಾಡಿದರೆ ಬೇಗ ತೂಗುತ್ತದಾ, ನಿಧಾನವಾ?’ ಅಂತ ಕೇಳಿದೆ. ಹನ್ನೊಂದು ಜನರಲ್ಲಿ ಎಂಟು ಜನ ‘ಬೇಗ’ ಅಂತ ಬರೆದರು. ಬಾಗಿಲ ಚೌಕಟ್ಟಿಗೆ ಒಂದು ಮೀಟರ್ ದಾರ ಕಟ್ಟಿ, ತುದಿಗೆ ರಬ್ಬರ್ ಕಟ್ಟಿ, ಹತ್ತು ಸಲ ಹೋಗಿ ಬರುವುದಕ್ಕೆ ಎಷ್ಟು ಹೊತ್ತು ಅಂತ ನೋಡಿದೆವು. ಸುಮಾರು 20 ಸೆಕೆಂಡು. ಆಮೇಲೆ ರಬ್ಬರ್ ಬಿಚ್ಚಿ ಗೇಟಿನ ದೊಡ್ಡ ಬೀಗ ಕಟ್ಟಿದೆವು. ನಾನು ಅಷ್ಟೇ ಬರುತ್ತದೆ ಅಂದುಕೊಂಡಿದ್ದರೆ ಸ್ವಲ್ಪ ಜಾಸ್ತಿಯೇ ಬಂತು! ಹುಡುಗರಿಗೆ ಖುಷಿಯೋ ಖುಷಿ, ಮೇಡಂ ಹೇಳಿದ್ದು ತಪ್ಪಾಯಿತಲ್ಲ ಅಂತ. ಮೂರು ಸಲ ಅಳೆದರೂ ಅಷ್ಟೇ. ಕೊನೆಗೆ 8ನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಕೇಲ್ ಹಿಡಿದು, ‘ಮೇಡಂ, ಬೀಗ ಉದ್ದ ಇದೆ, ಅದರ ಹೊಟ್ಟೆ ಕೆಳಗೆ ಬಂದಿದೆ’ ಅಂದಳು. ಲೋಲಕದ ಉದ್ದವನ್ನು ಭಾರದ ನಡುವಿನವರೆಗೆ ಅಳೆಯಬೇಕು. ನಾವು ಗಂಟಿನವರೆಗೆ ಅಳೆದಿದ್ದೆವು. ದಾರ ಕಮ್ಮಿ ಮಾಡಿ ಮತ್ತೆ ತೂಗಿದರೆ 20 ಸೆಕೆಂಡಿನ ಹತ್ತಿರಕ್ಕೆ ಬಂತು.

ಇದು ಸಿಮ್ಯುಲೇಶನ್‌ನಲ್ಲಿ ಆಗುತ್ತಲೇ ಇರಲಿಲ್ಲ, ಯಾಕೆಂದರೆ ಅಲ್ಲಿ ಬೀಗ ಇಲ್ಲ. ಆದರೆ ಅದೇ ಲೋಲಕವನ್ನು ಚಂದ್ರನ ಮೇಲೆ ತೂಗಿಸೋಕೆ ನಮ್ಮ ಬಾಗಿಲಲ್ಲಿ ಆಗಲ್ಲ. ಲ್ಯಾಪ್‌ಟಾಪ್ ತೆಗೆದದ್ದು ಆಗ. ಚಂದ್ರನಲ್ಲಿ ಒಂದು ಸಲ ಹೋಗಿ ಬರುವುದಕ್ಕೆ ಹೆಚ್ಚುಕಡಿಮೆ 5 ಸೆಕೆಂಡು, ಗುರುಗ್ರಹದಲ್ಲಿ ಭೂಮಿಗಿಂತ ಕಮ್ಮಿ. ಇದನ್ನೂ ಮೊದಲು ಊಹೆ ಮಾಡಿ ಬರೆದೇ ನೋಡಿದರು.

ಅಂದರೆ ಯಾವುದನ್ನು ಸ್ಕ್ರೀನ್‌ನಲ್ಲಿ ತೋರಿಸಬೇಕು, ಯಾವುದನ್ನು ಕೈಯಲ್ಲಿ ಮಾಡಿಸಬೇಕು?

ಕೈಯಲ್ಲಿ ಆಗುವುದನ್ನು ಸ್ಕ್ರೀನ್‌ನಲ್ಲಿ ಮೊದಲು ತೋರಿಸಬೇಡಿ. ತುಂಬಾ ಸಣ್ಣದು, ತುಂಬಾ ದೊಡ್ಡದು, ತುಂಬಾ ನಿಧಾನದ್ದು, ಅಪಾಯದ್ದು, ಇವು ಸ್ಕ್ರೀನಿಗೆ. ಕಾಳು ಮೊಳಕೆ ಬರುವುದಕ್ಕೆ ಅನಿಮೇಷನ್ ಯಾಕೆ ಬೇಕು? ಅಡುಗೆ ಮನೆಯಲ್ಲಿ ಹೆಸರುಕಾಳು ಇದೆ.

ಸಿಮ್ಯುಲೇಶನ್ ನೋಡಿ ಮಕ್ಕಳು ತಪ್ಪು ಕಲಿಯೋದಿಲ್ವಾ?

ಕಲಿಯುತ್ತಾರೆ. ಫೆಟ್‌ನ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನ್‌ಗಳು ನೀಲಿ ಗುಂಡುಗಳ ಥರ ವೈರಿನಲ್ಲಿ ಓಡುತ್ತವೆ. ಅದನ್ನು ನೋಡಿದ ಮಗು, ಎಲೆಕ್ಟ್ರಾನ್ ಬ್ಯಾಟರಿಯಿಂದ ಹೊರಟು ಬಲ್ಬಿನವರೆಗೆ ಓಡಿ ಬಂದ ಮೇಲೆ ಬೆಳಕಾಗುತ್ತದೆ ಅಂದುಕೊಳ್ಳುತ್ತದೆ. ನಿಜವಾಗಿ ಇಂಥ ವೈರಿನಲ್ಲಿ ಎಲೆಕ್ಟ್ರಾನ್‌ಗಳು ಸಾಗುವುದು ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತ ಕಮ್ಮಿ. ಇರುವೆಗಿಂತ ನಿಧಾನ. ಹಾಗಾದರೆ ಸ್ವಿಚ್ ಹಾಕಿದ ತಕ್ಷಣ ಲೈಟ್ ಹೇಗೆ ಬರುತ್ತದೆ? ತೋಟಕ್ಕೆ ನೀರು ಬಿಡುವ ಪೈಪ್ ನೆನಪಿಸಿ. ಪೈಪ್ ಮೊದಲೇ ತುಂಬಿದ್ದರೆ ನಲ್ಲಿ ತಿರುಗಿಸಿದ ಕೂಡಲೇ ಆ ತುದಿಯಲ್ಲಿ ನೀರು ಬರುತ್ತದೆ. ಹೊಸ ನೀರು ಅಲ್ಲಿಗೆ ತಲುಪಬೇಕಿಲ್ಲ. ವೈರೂ ಹಾಗೇ, ಎಲೆಕ್ಟ್ರಾನ್ ಎಲ್ಲ ಕಡೆ ಮೊದಲೇ ಇವೆ. ಪ್ರತಿ ಸಿಮ್ಯುಲೇಶನ್ ಮುಗಿದ ಮೇಲೂ ‘ಇದರಲ್ಲಿ ಯಾವುದು ಸುಳ್ಳು?’ ಅಂತ ಕೇಳುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಮಕ್ಕಳಿಗೆ ಈ ಆಟ ಬಲು ಇಷ್ಟ.

ನಮ್ಮ ಸ್ಕೂಲಲ್ಲಿ ಲ್ಯಾಬ್ ಇಲ್ಲ. ಇರೋದು ಫೋನ್ ಮಾತ್ರ. ಏನು ಮಾಡಬಹುದು?

ಫೋನೇ ಲ್ಯಾಬು. ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ, ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ ಮಾಡಿದ್ದು, ಉಚಿತ. ಫೋನಿನೊಳಗಿನ ಮೈಕು, ಕಾಂತಕ್ಷೇತ್ರ ಅಳೆಯುವ ಸೆನ್ಸರ್, ವೇಗೋತ್ಕರ್ಷದ ಸೆನ್ಸರ್ ಎಲ್ಲವನ್ನೂ ಅಳತೆಯ ಸಾಧನ ಮಾಡಿಕೊಡುತ್ತದೆ.

ಶಬ್ದದ ವೇಗ ಅಳೆಯುವುದು ನಮ್ಮ ಮಹಡಿಯ ಹಿಟ್ ಪ್ರಯೋಗ. ಅದರಲ್ಲಿ ಸದ್ದಿನಿಂದ ಶುರುವಾಗಿ ಸದ್ದಿನಿಂದಲೇ ನಿಲ್ಲುವ ಸ್ಟಾಪ್‌ವಾಚ್ ಇದೆ. ಇಬ್ಬರು ಹತ್ತು ಮೀಟರ್ ದೂರ ನಿಲ್ಲುತ್ತಾರೆ, ಇಬ್ಬರ ಪಕ್ಕದಲ್ಲೂ ಒಂದೊಂದು ಫೋನು. ಮೊದಲನೆಯವನು ಚಪ್ಪಾಳೆ ತಟ್ಟುತ್ತಾನೆ. ಅವನ ಫೋನು ಆಗಲೇ ಶುರು, ದೂರದ ಫೋನಿಗೆ ಸದ್ದು ಹೋಗಿ ತಲುಪಬೇಕು, ಅದು ಸ್ವಲ್ಪ ತಡವಾಗಿ ಶುರು. ಆಮೇಲೆ ಎರಡನೆಯವಳು ತಟ್ಟುತ್ತಾಳೆ. ಈಗ ಅವಳ ಫೋನು ಮೊದಲು ನಿಲ್ಲುತ್ತದೆ, ಅವನದು ತಡ. ಎರಡೂ ಫೋನಿನ ಸಮಯದ ವ್ಯತ್ಯಾಸ ತೆಗೆದರೆ ಶಬ್ದ ಹೋಗಿ ಬರಲು, ಅಂದರೆ 20 ಮೀಟರ್‌ಗೆ, ಎಷ್ಟು ಹೊತ್ತು ಹಿಡಿಯಿತು ಅಂತ ಸಿಗುತ್ತದೆ. ನಮಗೆ 0.058 ಸೆಕೆಂಡಿನ ಆಸುಪಾಸು ಬರುತ್ತದೆ. 20ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್. ಪುಸ್ತಕದಲ್ಲಿರುವುದಕ್ಕೆ ಇಷ್ಟು ಹತ್ತಿರ ಬಂದಾಗ ಮಕ್ಕಳ ಮುಖ ನೋಡಬೇಕು!

ಒಂದೇ ತೊಂದರೆ, ಪಕ್ಕದ ಮನೆಯ ಕುಕ್ಕರ್ ವಿಶಲ್ ಹೊಡೆದರೂ ಸ್ಟಾಪ್‌ವಾಚ್ ಶುರುವಾಗುತ್ತದೆ. ಎಷ್ಟು ಜೋರಿನ ಸದ್ದಿಗೆ ಶುರುವಾಗಬೇಕು ಅನ್ನುವ ಮಿತಿಯನ್ನು ಆ್ಯಪ್‌ನಲ್ಲಿ ಏರಿಸಿಕೊಳ್ಳಿ, ಇಲ್ಲವೇ ಅಡುಗೆ ಆದ ಮೇಲೆ ಮಾಡಿ.

ನೆಟ್ ಸರಿಯಾಗಿ ಬರಲ್ಲ, ಡೇಟಾನೂ ಬೇಗ ಮುಗಿಯುತ್ತೆ.

ಫೆಟ್‌ನ ಸಿಮ್ಯುಲೇಶನ್ ಒಂದೊಂದನ್ನೂ ಫೈಲ್ ಆಗಿ ಇಳಿಸಿಕೊಳ್ಳಬಹುದು. ಕೆಲವೇ ಎಂಬಿ. ಒಂದು ಸಲ ಇಳಿಸಿದರೆ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತದೆ, ಪೆನ್‌ಡ್ರೈವ್‌ನಲ್ಲಿ ಹಾಕಿ ಸ್ಕೂಲಿಗೆ ಒಯ್ಯಬಹುದು. ಕಿವಿಕ್ಸ್ ಅನ್ನುವ ಆ್ಯಪ್‌ನಲ್ಲಿ ವಿಕಿಪೀಡಿಯವನ್ನೇ ಇಳಿಸಿಟ್ಟುಕೊಂಡು ಓದಬಹುದು. ಡೇಟಾ ತಿನ್ನುವುದು ವಿಡಿಯೋ. 360ಕ್ಕೆ ಇಳಿಸಿ ನೋಡಿ, ಪಾಠಕ್ಕೆ ಅಷ್ಟು ಸಾಕು.

ಕನ್ನಡ ಮೀಡಿಯಂ ಮಕ್ಕಳಿಗೆ ಏನಿದೆ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಪಠ್ಯಪುಸ್ತಕದ ಪಾಠದ ಪಕ್ಕ ಇರುವ ಕ್ಯೂಆರ್ ಕೋಡ್ ಅನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಪ್ರಶ್ನೆಗಳು ಬರುತ್ತವೆ. ಕೇಂದ್ರ ಸರ್ಕಾರ 2017ರಲ್ಲಿ ತಂದದ್ದು. ಕೆಲವು ಚೆನ್ನಾಗಿವೆ, ಕೆಲವು ಪುಸ್ತಕವನ್ನೇ ಗಟ್ಟಿಯಾಗಿ ಓದಿದ ಹಾಗಿವೆ. ಖಾನ್ ಅಕಾಡೆಮಿಯಲ್ಲಿ ಕನ್ನಡ ಇದೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಹೇಳುವ ಅರವಿಂದ ಗುಪ್ತಾ ಅವರ ಪುಟ್ಟ ಪುಟ್ಟ ವಿಡಿಯೋಗಳು ಕನ್ನಡದಲ್ಲೂ ಸಿಗುತ್ತವೆ. ಮಾತು ಅರ್ಥವಾಗದಿದ್ದರೂ ಕೈ ನೋಡಿಯೇ ಮಕ್ಕಳು ಮಾಡಿಬಿಡುತ್ತಾರೆ. ಓದುವ ಹುಚ್ಚಿರುವ ಮಕ್ಕಳಿಗೆ ಇಜ್ಞಾನ ಜಾಲತಾಣ ಇದೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ ಪತ್ರಿಕೆ ಇದೆ.

ನಿಜವಾದ ತಲೆನೋವು ಪದಗಳದ್ದು. ನಮ್ಮ ಪುಸ್ತಕದಲ್ಲಿ ಸ್ಪೀಡ್ ಅಂದರೆ ಜವ, ವೆಲಾಸಿಟಿ (ದಿಕ್ಕನ್ನೂ ಸೇರಿಸಿ ಹೇಳುವ ಸ್ಪೀಡ್) ಅಂದರೆ ವೇಗ. ವಿಡಿಯೋದವರು ಎರಡಕ್ಕೂ ವೇಗ ಅಂದುಬಿಡುತ್ತಾರೆ. ಈಗ ಮೇಲೆ ನಾನೂ ‘ಶಬ್ದದ ವೇಗ’ ಅಂತಲೇ ಬರೆದೆ ನೋಡಿ! ಮಾತಿನಲ್ಲಿ ಪರವಾಗಿಲ್ಲ, ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತದೆ. ತೂಕ ಮತ್ತು ದ್ರವ್ಯರಾಶಿಯ ಕಥೆಯೂ ಇದೇ. ಅದಕ್ಕೆ ನಮ್ಮ ಗೋಡೆ ಮೇಲೆ ಒಂದು ಚಾರ್ಟ್ ಇದೆ, ಒಂದು ಕಡೆ ಪುಸ್ತಕದ ಪದ, ಇನ್ನೊಂದು ಕಡೆ ವಿಡಿಯೋದಲ್ಲಿ ಕೇಳಿದ ಪದ. ಮಕ್ಕಳೇ ತುಂಬಿಸುತ್ತಾರೆ.

ಯೂಟ್ಯೂಬ್‌ನಲ್ಲಿ ತೋರಿಸೋ ಪ್ರಯೋಗ ನಿಜವೋ ಸುಳ್ಳೋ ಅಂತ ಗೊತ್ತಾಗೋದು ಹೇಗೆ?

ಮಾಡಿ ನೋಡಿ. ಈರುಳ್ಳಿಗೆ ಚಾರ್ಜರ್ ವೈರ್ ಚುಚ್ಚಿದರೆ ಮೊಬೈಲ್ ಚಾರ್ಜ್ ಆಗುವ ವಿಡಿಯೋ ನೀವೂ ನೋಡಿರುತ್ತೀರಿ. ನಮ್ಮ ಮಕ್ಕಳು ಒಂದು ಕೆಜಿ ಈರುಳ್ಳಿ ತಂದೇಬಿಟ್ಟಿದ್ದರು. ಆಗಲಿಲ್ಲ. ಆಮೇಲೆ ನಿಂಬೆಹಣ್ಣಿಗೆ ಒಂದು ತಾಮ್ರದ ತಂತಿ, ಒಂದು ಸತುವಿನ ಲೇಪದ ಮೊಳೆ ಚುಚ್ಚಿ ಮಲ್ಟಿಮೀಟರ್ ಹಿಡಿದೆವು. ಒಂದು ವೋಲ್ಟಿಗಿಂತ ಸ್ವಲ್ಪ ಕಮ್ಮಿ ತೋರಿಸಿತು. ಎರಡು ಬೇರೆ ಬೇರೆ ಲೋಹ ಇದ್ದರೆ ಮಾತ್ರ ವೋಲ್ಟೇಜ್ ಬರುತ್ತದೆ. ಬಂದರೂ ಫೋನಿಗೆ ಬೇಕಾದ್ದು 5 ವೋಲ್ಟ್, ಜೊತೆಗೆ ನಿಂಬೆಹಣ್ಣು ಕೊಡಲಾರದಷ್ಟು ಕರೆಂಟು. ಈರುಳ್ಳಿ ಸಾಂಬಾರಿಗೆ ಹೋಯಿತು.

ಗ್ರಹಣದ ದಿನ ತಟ್ಟೆಯಲ್ಲಿ ನೀರು ಹಾಕಿ ಒನಕೆ ನಿಲ್ಲಿಸುವ ವಿಡಿಯೋ ವಾಟ್ಸಾಪ್‌ನಲ್ಲಿ ಬಂದೇ ಬರುತ್ತದೆ. ಅಜ್ಜಿಯ ಜೊತೆ ಜಗಳ ಆಡಬೇಡಿ. ಗ್ರಹಣ ಇಲ್ಲದ ದಿನ ಅದೇ ಒನಕೆ, ಅದೇ ತಟ್ಟೆ ಇಟ್ಟು ತಾಳ್ಮೆಯಿಂದ ನಿಲ್ಲಿಸಿ ನೋಡಿ ಅಂತ ಮಕ್ಕಳಿಗೆ ಹೇಳಿ. ತಳ ಸಪಾಟಾಗಿದ್ದರೆ ನಿಲ್ಲುತ್ತದೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ, ಮೂಢನಂಬಿಕೆಗಳನ್ನು ಪ್ರಶ್ನಿಸುತ್ತಿದ್ದ ಎಚ್. ನರಸಿಂಹಯ್ಯನವರ ಏರಿಯಾದಲ್ಲಿ ಇದ್ದುಕೊಂಡು ಇಷ್ಟೂ ಮಾಡದಿದ್ದರೆ ಹೇಗೆ?

ನೀರು 100 ಡಿಗ್ರಿಗೆ ಕುದಿಯಲಿಲ್ಲ. ಥರ್ಮಾಮೀಟರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿನಲ್ಲಿರುವ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿ ಅಲ್ಲೂ ಅಳೆಯಿಸಿದ ಹುಡುಗನೊಬ್ಬ ನಮ್ಮಲ್ಲಿದ್ದಾನೆ. ನನ್ನ ಪ್ರಕಾರ ಆ ವರ್ಷದ ಅತ್ಯುತ್ತಮ ಆನ್‌ಲೈನ್ ಪಾಠ ಅದೇ. ಪರೀಕ್ಷೆಯಲ್ಲಿ ಮಾತ್ರ ‘ಸಾಮಾನ್ಯ ವಾಯುಭಾರದಲ್ಲಿ 100’ ಅಂತ ಬರೆಯಿರಿ. ಬಿಸಿನೀರಿನ ಹತ್ತಿರ ದೊಡ್ಡವರು ಇರಬೇಕು, ಜ್ವರ ನೋಡುವ ಥರ್ಮಾಮೀಟರ್ ಹಾಕಬೇಡಿ, ಒಡೆಯುತ್ತದೆ.

ಬೆಂಗಳೂರಲ್ಲೇ ಪ್ಲಾನೆಟೇರಿಯಂ, ಮ್ಯೂಸಿಯಂ ಎಲ್ಲ ಇರುವಾಗ ಆನ್‌ಲೈನ್ ಯಾಕೆ?

ಎರಡೂ ಬೇಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರು ತಾರಾಲಯ, ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ವರ್ಷಕ್ಕೊಮ್ಮೆ ಬಾಗಿಲು ತೆರೆದಿಡುವ ಓಪನ್ ಡೇ, ಎಲ್ಲಕ್ಕೂ ಕರೆದುಕೊಂಡು ಹೋಗಿ. ಓಪನ್ ಡೇಗೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ.

ಆನ್‌ಲೈನ್ ಬೇಕಾಗುವುದು ಹೋಗುವ ಮೊದಲು ಮತ್ತು ಬಂದ ಮೇಲೆ. ಶೂನ್ಯ ನೆರಳಿನ ದಿನ ತೆಗೆದುಕೊಳ್ಳಿ. ಏಪ್ರಿಲ್ 24 ಅಥವಾ 25, ಮತ್ತೆ ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡು ಕಾಲು ದಾಟಿದ ಮೇಲೆ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಚೊಂಬಿನ ನೆರಳು ಚೊಂಬಿನ ಕೆಳಗೇ ಅಡಗುತ್ತದೆ. ಹಿಂದಿನ ದಿನ ಆಕಾಶ ತೋರಿಸುವ ಸ್ಟೆಲೇರಿಯಂ ಆ್ಯಪ್‌ನಲ್ಲಿ ಬೆಂಗಳೂರು ಅಂತ ಹಾಕಿ, ಸಮಯ ಮುಂದಕ್ಕೆ ಓಡಿಸಿ, ಸೂರ್ಯ ಎಲ್ಲಿಗೆ ಬರುತ್ತಾನೆ ನೋಡಿ. ಆಮೇಲೆ ದೆಹಲಿ ಅಂತ ಹಾಕಿ. ಅಲ್ಲಿ ವರ್ಷದಲ್ಲಿ ಒಂದು ದಿನವೂ ನೆತ್ತಿಗೆ ಬರುವುದಿಲ್ಲ, ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇದೆಯಲ್ಲ. ಇನ್ನೊಂದು ಮಜಾ, ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ನಮ್ಮ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಎಷ್ಟು ಜನ ದೊಡ್ಡವರು ಇದನ್ನು ಗಮನಿಸಿದ್ದಾರೆ? ಆಗಸ್ಟ್‌ನಲ್ಲಿ ಮೋಡ ಇರುತ್ತದೆ, ಏಪ್ರಿಲ್ ನಂಬಿ.

ಲೈವ್ ಕಾರ್ಯಕ್ರಮ ತೋರಿಸಬಹುದಾ?

ಖಂಡಿತ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿದಾಗ ಇಡೀ ರೂಮು ಕೂಗಿತು. ನಿಯಂತ್ರಣ ಕೊಠಡಿ ಇದ್ದದ್ದು ನಮ್ಮ ಪೀಣ್ಯದಲ್ಲೇ ಅಂದಾಗ ಇನ್ನೂ ಜೋರು. ಇಳಿಯುವ ಮೊದಲು ‘ಪ್ಯಾರಾಚೂಟ್ ಯಾಕೆ ಕಟ್ಟಿಲ್ಲ?’ ಅಂತ ಕೇಳಿ ಬರೆಸಿದ್ದೆ. ‘ಭಾರ ಆಗುತ್ತೆ’ ಅಂತ ಬರೆದವರೇ ಜಾಸ್ತಿ. ಗಾಳಿಯೇ ಇಲ್ಲದ ಕಡೆ ಪ್ಯಾರಾಚೂಟ್ ಯಾವುದನ್ನು ಹಿಡಿದು ನಿಲ್ಲಬೇಕು?

ಜೀವಶಾಸ್ತ್ರಕ್ಕೆ ಏನು?

ಬೀದಿಗೆ ಇಳಿಯಿರಿ. ಸೀಕ್ ಆ್ಯಪ್‌ನಲ್ಲಿ ಗಿಡದ ಕಡೆ ಕ್ಯಾಮೆರಾ ಹಿಡಿದರೆ ಹೆಸರು ಊಹಿಸುತ್ತದೆ, ಖಾತೆ ತೆರೆಯಬೇಕಿಲ್ಲ, ಹಾಗಾಗಿ ಸಣ್ಣ ಮಕ್ಕಳಿಗೂ ಸರಿ. ಮರ್ಲಿನ್ ಆ್ಯಪ್ ಹಕ್ಕಿಯ ದನಿ ಕೇಳಿ ಹೆಸರು ಹೇಳುತ್ತದೆ. ಬೆಳಗಿನಿಂದ ‘ಕುಟ್ರೂ ಕುಟ್ರೂ’ ಅಂತ ಕೂಗುವ ಹಕ್ಕಿಯನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡದ್ದು ಅದಾದ ಮೇಲೆಯೇ. ಎಲೆಯ ಬಣ್ಣದ್ದೇ ಹಕ್ಕಿ, ಸುಲಭಕ್ಕೆ ಕಾಣಲ್ಲ. ಸೀಸನ್‌ವಾಚ್ ಆ್ಯಪ್‌ನಲ್ಲಿ ಮನೆ ಮುಂದಿನ ಹೊಂಗೆ ಮರವೊಂದನ್ನು ಆರಿಸಿಕೊಂಡು ಚಿಗುರು, ಹೂವು, ಕಾಯಿ ಯಾವಾಗ ಬಂತು ಅಂತ ವರ್ಷಪೂರ್ತಿ ದಾಖಲಿಸಬಹುದು. ಆ್ಯಪ್ ತಪ್ಪು ಹೆಸರು ಹೇಳುವುದೂ ಉಂಟು. ನಂಬುವ ಮೊದಲು ಎಲೆ ಹೋಲಿಸಿ.

ದುಡ್ಡು ಕೊಟ್ಟು ಆನ್‌ಲೈನ್ ಕೋರ್ಸ್ ತೆಗೆದುಕೊಳ್ಳಲೇಬೇಕಾ?

ಬೇಡ. ನನ್ನ ಅಕ್ಕ ಮಗನಿಗೆ ಅಂತ ಎರಡು ವರ್ಷದ ಕೋರ್ಸ್ ತೆಗೆದುಕೊಂಡಳು. ಕೋರ್ಸ್ ಮಾರಲು ಮನೆಗೆ ಬಂದವನು ಹುಡುಗನಿಗೆ ನಾಲ್ಕು ಕಷ್ಟದ ಪ್ರಶ್ನೆ ಕೇಳಿ, ‘ನೋಡಿ ಮೇಡಂ, ಫೌಂಡೇಶನ್ನೇ ವೀಕು’ ಅಂದ. ಹೆದರಿ ಸಹಿ ಹಾಕಿದಳು. ಟ್ಯಾಬ್ ಬಂತು, ಇಎಂಐ ಶುರುವಾಯಿತು, ಮೂರನೇ ತಿಂಗಳಿಗೆ ಹುಡುಗ ಟ್ಯಾಬ್ ಮುಟ್ಟುವುದು ಬಿಟ್ಟ, ಇಎಂಐ ಮಾತ್ರ ಬಿಡಲಿಲ್ಲ. ಮೊದಲು ಪುಕ್ಕಟೆ ಸಿಗುವುದನ್ನು ಮೂರು ತಿಂಗಳು ಬಳಸಿ. ಆಮೇಲೂ ಬೇಕು ಅನ್ನಿಸಿದರೆ ನಿಮ್ಮಿಷ್ಟ. ಮನೆಗೆ ಬಂದವರ ಮುಂದೆ ಅವತ್ತೇ ಸಹಿ ಹಾಕಬೇಡಿ.

ಎಐ ಹತ್ತಿರ ಕೇಳಿ ಹೋಂವರ್ಕ್ ಬರೆಯುತ್ತಾರೆ, ಏನು ಮಾಡಲಿ?

ಬೈದರೆ ಕದ್ದು ಬರೆಯುತ್ತಾರೆ. ಚಾಟ್‌ಜಿಪಿಟಿಗೆ 13 ವರ್ಷ ಆಗಿರಬೇಕು, 18ರವರೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಹಾಗಾಗಿ ನಮ್ಮಲ್ಲಿ ನಾನೇ ಟೈಪ್ ಮಾಡುತ್ತೇನೆ, ಮಕ್ಕಳು ತಪ್ಪು ಹಿಡಿಯುತ್ತಾರೆ. ಇಂಥ ಒಂದು ಎಐ ಹತ್ತಿರ ಕನ್ನಡದಲ್ಲಿ ಜವಕ್ಕೂ ವೇಗಕ್ಕೂ ವ್ಯತ್ಯಾಸ ಕೇಳಿದಾಗ ಎರಡನ್ನೂ ಗೋಜಲು ಮಾಡಿತು. ಮಕ್ಕಳು ಗೋಡೆಯ ಚಾರ್ಟ್ ತೋರಿಸಿ ನಕ್ಕರು. ‘ಉತ್ತರ ಹೇಳಬೇಡ, ನನಗೆ ಪ್ರಶ್ನೆ ಕೇಳು’ ಅಂತ ಹೇಳಿದರೆ ಅದು ಪರವಾಗಿಲ್ಲದ ಮೇಷ್ಟ್ರು.

ಮನೆಯಲ್ಲಿ ಮಾಡಲೇಬಾರದ್ದು ಏನು?

ಪ್ಲಗ್ ಪಾಯಿಂಟಿನ ಕರೆಂಟು ಬೇಡವೇ ಬೇಡ, ಒಂದೂವರೆ ವೋಲ್ಟಿನ ಸೆಲ್ ಸಾಕು. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಅದು ವಿಷ. ವಿಡಿಯೋದಲ್ಲಿ ಯಾರೇ ಮಾಡಿರಲಿ, ಬೇಡ. ಸೂರ್ಯನನ್ನು ಬರಿಗಣ್ಣಲ್ಲಿ ನೋಡುವುದೂ ಬೇಡ.

ಇದರಿಂದ ಮಾರ್ಕ್ಸ್ ಬರುತ್ತಾ?

ಸ್ವಲ್ಪ ಬರುತ್ತದೆ. ಆದರೆ ಚಿತ್ರ ಬರೆದು ಭಾಗ ಗುರುತಿಸುವುದು, ವ್ಯಾಖ್ಯೆ ಬರೆಯುವುದು ಕೈಯಿಂದಲೇ ಆಗಬೇಕು. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಜನವರಿಯಿಂದ ನಾನು ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ.

ನನಗೇ ವಿಜ್ಞಾನ ಬರಲ್ಲ. ನಾನು ಹೇಗೆ ಹೇಳಿಕೊಡಲಿ?

ನಮ್ಮ ಗುಂಪಿನ ಒಬ್ಬ ಹುಡುಗನ ಅಮ್ಮ ಇಡ್ಲಿ ಗಾಡಿ ಇಟ್ಟಿದ್ದಾರೆ. ಓದಿದ್ದು ಏಳನೇ ಕ್ಲಾಸು. ಅವರು ಮಗನ ಪಕ್ಕ ಕೂತು ಎರಡೇ ಮಾತು ಕೇಳುತ್ತಾರೆ: ‘ಹೌದಾ? ನಿನಗೆ ಹೇಗೋ ಗೊತ್ತು?’ ಹುಡುಗ ವಿವರಿಸುವುದಕ್ಕೆ ಹೋಗಿ ತಾನೇ ಸಿಕ್ಕಿಹಾಕಿಕೊಂಡು ಮತ್ತೆ ಪುಸ್ತಕ ತೆಗೆಯುತ್ತಾನೆ. ಆವಿ ಮುಟ್ಟಿದರೆ ಕುದಿಯುವ ನೀರಿಗಿಂತ ಜಾಸ್ತಿ ಸುಡುತ್ತದೆ ಅಂತ ಅವನಿಗೆ ಮೊದಲು ಹೇಳಿದ್ದೂ ಅವರೇ. ಆವಿಯಲ್ಲಿ ಅಡಗಿರುವ ಆ ಹೆಚ್ಚಿನ ಶಾಖಕ್ಕೆ ಗುಪ್ತೋಷ್ಣ ಅನ್ನುವ ಪದ ಆಮೇಲೆ ಸ್ಕೂಲಲ್ಲಿ ಬಂತು.

ಈ ಶನಿವಾರ ಏನಿದೆ? ನಮ್ಮ ಮಗಳನ್ನು ಕಳಿಸಬಹುದಾ?

ಕಳಿಸಿ. ಕಾವೇರಿ ನೀರು, ಬೋರ್‌ವೆಲ್ ನೀರು, ಯಾವುದರಲ್ಲಿ ಸೋಪಿನ ನೊರೆ ಜಾಸ್ತಿ ಬರುತ್ತದೆ ಅಂತ ನೋಡುತ್ತೇವೆ. ಆಮೇಲೆ ಗಡಸು ನೀರಿನ ವಿಡಿಯೋ. ಅರ್ಧ ಅರ್ಧ ಲೀಟರಿನ ಎರಡು ಬಾಟಲಿ ತರಲಿ, ಊಹೆ ಮನೆಯಲ್ಲೇ ಬರೆದುಕೊಂಡು ಬರಲಿ. ಬಾಟಲಿ ಮೇಲೆ ಹೆಸರು, ಯಾವ ನೀರು ಅಂತ ಅಂಟಿಸಿರಿ. ಹೋದ ಸಲ ಯಾರದು ಯಾವುದು ಅಂತ ಗೊತ್ತಾಗದೆ ಎಲ್ಲವನ್ನೂ ತುಳಸಿ ಗಿಡಕ್ಕೆ ಸುರಿಯಬೇಕಾಯಿತು.